ಮೂರನೇ ಮೆಟ್ಟಿಲಿನ ಎಣಿಕೆ

ಹಳೆಯ ಲ್ಯಾಪ್‌ಟಾಪ್ ಚೀಲವನ್ನು ಯಾರಿಗಾದರೂ ಕೊಟ್ಟುಬಿಡೋಣವೆಂದು ನಿನ್ನೆ ಅದರ ಐದು ಜೇಬುಗಳನ್ನೂ ಒಂದೊಂದಾಗಿ ಖಾಲಿ ಮಾಡುತ್ತಿದ್ದೆ. ನಾಲ್ಕನೆಯದರಲ್ಲಿ ಪೇಪರಿನಲ್ಲಿ ಸುತ್ತಿದ ವಿಭೂತಿ ಗಟ್ಟಿ ಸಿಕ್ಕಿತು. ಮೂಲೆಗಳು ಸವೆದಿದ್ದವು, ಜೇಬಿನ ತುಂಬ ಬಿಳಿಯ ಪುಡಿ. ಮೂಗಿನ ಹತ್ತಿರ ಹಿಡಿದೆ... ತಣ್ಣನೆಯ ಬೂದಿಯ ವಾಸನೆ. ಅದರ ಹಿಂದೆಯೇ ಬಸವೇಶ್ವರನಗರದ ಆ ಮನೆ, ಬೆಳಗಿನ ಏಳು ಗಂಟೆಯ ಎಳೆಬಿಸಿಲು, ಹೊರಗಿನ ಮೆಟ್ಟಿಲುಗಳಲ್ಲಿ ಮೂರನೆಯದರ ಮೇಲೆ ಕೂತಿದ್ದ ಓನರ್ ಆಂಟಿ.

ಆಂಟಿ ಕೆಳಗಿನ ಮನೆಯಲ್ಲಿದ್ದರು. ಮಹಡಿಯ ಮೇಲೆ ನಮ್ಮ ಕಂಪನಿ. ಕಂಪನಿ ಎಂದರೆ ನಾಲ್ಕು ಜನ, ಆರು ಕುರ್ಚಿ. ಬೇರೆಯವರ ಆ್ಯಪ್‌ಗಳು ಸರಿಯಾಗಿ ಓಡುತ್ತಿವೆಯೇ, ಎಲ್ಲಿ ನಿಧಾನವಾಗುತ್ತಿವೆ ಎಂದು ಕಾವಲು ಕಾಯುವ ಸಾಫ್ಟ್‌ವೇರ್ ನಮ್ಮದು. ಗೋಡೆಯ ಪರದೆಯ ಮೇಲೆ ಒಂದು ಗೆರೆ ಸದಾ ಹರಿಯುತ್ತಿತ್ತು. ಹಸಿರಾಗಿದ್ದರೆ ಕ್ಷೇಮ, ಆ್ಯಪ್ ತಡವಾಗಿ ಗೆರೆ ಏರಿ ಕೆಂಪಾದರೆ ಅಪಾಯ. ಬೆಳಗಿನ ಪಾಳಿ ನನ್ನದು. ಒಬ್ಬಳೇ ಕೂತು ಆ ಗೆರೆಯನ್ನೇ ನೋಡುತ್ತಿದ್ದರೆ, ಕೆರೆಯ ನೀರು ನೋಡುತ್ತಾ ಕೂತಂತೆ ಮನಸ್ಸು ಎತ್ತಲೋ ತೇಲಿಹೋಗುತ್ತಿತ್ತು...

ನಮಗಿದ್ದದ್ದು ಒಬ್ಬರೇ ಗ್ರಾಹಕರು, ಕೆಲವು ಶಾಖೆಗಳಿದ್ದ ಒಂದು ಫಿಸಿಯೋಥೆರಪಿ ಕ್ಲಿನಿಕ್. ರೋಗಿಗಳು ಬೆಳಗ್ಗೆ ಅವರ ಆ್ಯಪ್‌ನಲ್ಲಿ ಟೋಕನ್ ತೆಗೆದುಕೊಳ್ಳಬೇಕಿತ್ತು. ಮಂಡಿನೋವಿನ ಆಂಟಿಯೂ ಅದೇ ಕ್ಲಿನಿಕ್ಕಿಗೆ ಹೋಗುತ್ತಿದ್ದರು. ನಮ್ಮ ವೈಫೈ ಮೂರನೇ ಮೆಟ್ಟಿಲಿನವರೆಗೆ ಸಿಗುತ್ತಿದ್ದುದರಿಂದ, ಸ್ನಾನ ಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಅಲ್ಲಿಗೆ ಬಂದು ಕೂರುತ್ತಿದ್ದರು. ಫೋನಿನಲ್ಲಿ ಚಕ್ರ ತಿರುಗುವಷ್ಟು ಹೊತ್ತೂ ಹೆಬ್ಬೆರಳಿನಿಂದ ಬೆರಳ ಗೆಣ್ಣುಗಳನ್ನು ಮುಟ್ಟುತ್ತಾ ‘ಓಂ ನಮಃ ಶಿವಾಯ’ ಎಣಿಸುತ್ತಿದ್ದರು.

“ಇವತ್ತೆಷ್ಟು ಆಂಟಿ?” ಎಂದು ಹತ್ತುತ್ತಾ ಕೇಳುತ್ತಿದ್ದೆ.

“ಮೂವತ್ತೊಂದು ಕಣಮ್ಮ, ಇನ್ನೂ ತಿರಗ್ತಾನೇ ಐತೆ. ಈ ಆ್ಯಪಿನ ಪುಣ್ಯದಿಂದ ನಾನು ಕೈಲಾಸಕ್ಕೆ ಹೋಗೋದು ಗ್ಯಾರಂಟಿ. ಮಂಡಿ ಮಾತ್ರ ಇಲ್ಲೇ ಉಳೀತೈತೆ.”

ನಾನು ನಗುತ್ತಿದ್ದೆ. ಎಲ್ಲವನ್ನೂ ಲೆಕ್ಕವಿಡುವ ಅಭ್ಯಾಸ ನನ್ನದು. ಆ ಸಂಖ್ಯೆಯನ್ನೂ ದಿನಚರಿಯಲ್ಲಿ, ಅಂದಿನ ತಿಂಡಿಯ ಹೆಸರಿನ ಕೆಳಗೆ ಬರೆಯುತ್ತಿದ್ದೆ. ತಮಾಷೆಗೆಂದು... ಹನ್ನೊಂದು ಬೆಳಗು ಬರೆದೆ. ಅದರಲ್ಲಿ ನಾಲ್ಕು ದಿನ ಚಕ್ರ ನಿಲ್ಲುವಷ್ಟರಲ್ಲಿ ಟೋಕನ್ ಮುಗಿದಿತ್ತು. ಮೊದಲೆಲ್ಲ ಸೋಮವಾರ ಹದಿನೆಂಟೂ ಮೆಟ್ಟಿಲು ಹತ್ತಿ ಬಂದು ನಮ್ಮ ಪರದೆಯ ಅಂಚಿಗೆ ವಿಭೂತಿ ಹಚ್ಚಿ ಹೋಗುತ್ತಿದ್ದವರು, ಚಿಕಿತ್ಸೆ ತಪ್ಪತೊಡಗಿದ ಮೇಲೆ ಮೂರನೆಯದನ್ನು ದಾಟಲಿಲ್ಲ.

ಕ್ಲಿನಿಕ್ಕಿನವರೂ ದೂರುತ್ತಿದ್ದರು. “ರೋಗಿಗಳು ಬೈತಿದಾರೆ, ನಿಮ್ಮ ಗೆರೆ ಮಾತ್ರ ಹಸಿರು. ಶುಕ್ರವಾರದೊಳಗೆ ಕಾರಣ ಹೇಳಿ, ಇಲ್ಲಾಂದ್ರೆ ನಿಮ್ಮ ಸಾಫ್ಟ್‌ವೇರ್ ಬೇಡ” ಎಂದುಬಿಟ್ಟರು. ಅವರು ಹೋದರೆ ಕಂಪನಿಯೇ ಇಲ್ಲ. ಕಂಪನಿ ನಡೆಸುತ್ತಿದ್ದ ನಮ್ಮ ಸರ್‌ಗೆ ನಾನು ಆಂಟಿಯ ಫೋನಿನಲ್ಲಿ ತಿರುಗುವ ಚಕ್ರದ ಮಾತು ಹೇಳಿದೆ.

“ಆಂಟಿ ಫೋನು ಅವರಷ್ಟೇ ವಯಸ್ಸಿಂದು ಬಿಡು” ಎಂದರು ಸರ್. ನಾನೂ ಬಿಟ್ಟೆ.

ಗುರುವಾರ ಬೆಳಗ್ಗೆ ಆಂಟಿ ನಗಲಿಲ್ಲ. ಮಂಡಿಗೆ ಬಟ್ಟೆ ಬಿಗಿದಿದ್ದರು. “ಒಂದ್ ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ನಿಮ್ಮ ಗೋಡೆ ಮೇಲಿನ ಟಿವಿ ಯಾವತ್ತಾದ್ರೂ ಟೋಕನ್ ತಗೊಂಡೈತಾ?”

“ಅದ್ಯಾಕೆ ತಗೊಳ್ಳುತ್ತೆ ಆಂಟಿ, ಅದಕ್ಕೇನು ಮಂಡಿನೋವಾ?” ಎಂದು ನಗುತ್ತಲೇ ಮೇಲೆ ಹೊರಟೆ. ಒಂಬತ್ತನೇ ಮೆಟ್ಟಿಲಿನಲ್ಲಿ ಕಾಲು ನಿಂತಿತು.

ಆ್ಯಪ್ ಬದುಕಿದೆಯೇ ಎಂದು ನೋಡಲು ನಮ್ಮ ಸಾಫ್ಟ್‌ವೇರ್ ಹತ್ತು ಸೆಕೆಂಡಿಗೊಮ್ಮೆ ಒಬ್ಬ ಸುಳ್ಳು ರೋಗಿಯನ್ನು ಕಳಿಸುತ್ತಿತ್ತು. ಅವನು ಬಾಗಿಲು ತಟ್ಟಿ ತಕ್ಷಣ ವಾಪಸ್ ಬರುತ್ತಿದ್ದ. ಒಳಗೆ ಹೋಗಿ ಟೋಕನ್ ಕೇಳುತ್ತಿರಲೇ ಇಲ್ಲ. ಗೆರೆಯ ಸರಾಸರಿಯಲ್ಲಿ ಅವನನ್ನೂ ನಿಜವಾದ ರೋಗಿಗಳ ಜೊತೆಗೇ ಎಣಿಸುವಂತೆ ಬರೆದವಳು ನಾನು. ಗಂಟೆಗೆ ಮುನ್ನೂರ ಅರವತ್ತು ಸಲ ತಟ್ಟಿ ಬಂದವನ ಚುರುಕಿನಲ್ಲಿ ನಿಜವಾದ ನಲವತ್ತು ರೋಗಿಗಳ ಕಾಯುವಿಕೆ ಮುಳುಗಿಹೋಗಿತ್ತು. ಇಷ್ಟು ದಿನ ನಾವು ನೋಡುತ್ತಿದ್ದುದು ನಮ್ಮದೇ ಮುಖವನ್ನು.

ಅವನನ್ನು ಲೆಕ್ಕದಿಂದ ತೆಗೆದು ಹಿಂದಿನ ದಿನಗಳ ಗೆರೆಯನ್ನು ಮತ್ತೆ ಎಳೆಸಿದೆ. ಕೆಂಪು... ದಿನಚರಿ ತೆರೆದು ಪಕ್ಕದಲ್ಲಿಟ್ಟೆ. ಆಂಟಿಯ ಎಣಿಕೆ ಏರಿದ ದಿನಗಳಲ್ಲೆಲ್ಲ ಗೆರೆಯೂ ಏರಿತ್ತು. ಸರ್ ಎರಡನ್ನೂ ನೋಡಿ, ತಾವೇ ಕ್ಲಿನಿಕ್ಕಿಗೆ ಫೋನ್ ಮಾಡಿ “ತಪ್ಪು ನಮ್ಮದೇ” ಎಂದರು. ಟೋಕನ್ ಎಲ್ಲಿ ಸಿಕ್ಕಿಕೊಳ್ಳುತ್ತಿದೆ ಎಂಬುದನ್ನೂ ತೋರಿಸಿಕೊಟ್ಟೆವು. ಅವರು ಅದನ್ನು ಸರಿಪಡಿಸಿಕೊಂಡರು, ನಮ್ಮನ್ನು ಬಿಡಲಿಲ್ಲ.

ಶನಿವಾರ ನಾನು ಗೇಟು ತೆರೆಯುವ ಮೊದಲೇ ಆಂಟಿಯ ದನಿ ಕೇಳಿತು. “ಓಂ ಅನ್ನೋದ್ರೊಳಗೆ ಬಂದ್ಬಿಡ್ತು ಕಣಮ್ಮ! ಶಿವನ ಹೆಸರು ಹೇಳೋಕೂ ಬಿಡಲಿಲ್ಲ!” ಸೆರಗಿನ ಗಂಟಿನಿಂದ ಪೇಪರಿನ ಪೊಟ್ಟಣ ತೆಗೆದು ನನ್ನ ಕೈಗಿಟ್ಟರು. “ಇದು ಟಿವಿಗಲ್ಲ, ನಿಂಗೆ. ಯಾರೋ ಮಾಡಿದ ತಪ್ಪನ್ನ ನೀನು ಕೂತು ಸರಿ ಮಾಡ್ದೆ.”

ಆ ಯಾರೋ ನಾನೇ ಎಂದು ಬಾಯಿಗೆ ಬಂದಿತ್ತು... ಬಿಸಿಲು, ಅವರ ನಗು, ಕೈಯಲ್ಲಿ ವಿಭೂತಿ. ನಾಳೆ ಹೇಳೋಣ ಎಂದುಕೊಂಡೆ.

ಮುಂದಿನ ವರ್ಷ ಕಂಪನಿ ರಾಜಾಜಿನಗರದ ದೊಡ್ಡ ಜಾಗಕ್ಕೆ ಹೋಯಿತು. “ಬರ್ತಾ ಇರ್ತೀನಿ ಆಂಟಿ” ಎಂದಿದ್ದೆ. ದಿನಚರಿಯ ಪ್ರಕಾರ ಹೋದದ್ದು ಎರಡು ಸಲ. ಎರಡು ಸಲವೂ ಕಾಫಿ ಕುಡಿದೆ, ಹೇಳಲಿಲ್ಲ. ಮೂರನೇ ಸಲ ಕೆಳಗಿನ ಮನೆಯ ಬಾಗಿಲು ತೆರೆದವರು ಹೊಸಬರು. ಆಂಟಿ ತೀರಿಕೊಂಡು ಐದು ತಿಂಗಳಾಯಿತು ಎಂದರು. ವಾಪಸ್ ಬರುವಾಗ ಮೂರನೇ ಮೆಟ್ಟಿಲಿನ ಹತ್ತಿರ ನಿಂತೆ. ನನ್ನ ಫೋನಿಗೆ ಯಾವ ವೈಫೈಯೂ ಸಿಗಲಿಲ್ಲ.

ಚೀಲವನ್ನು ಯಾರಿಗೂ ಕೊಡಲಿಲ್ಲ. ಪೊಟ್ಟಣವನ್ನು ನಾಲ್ಕನೇ ಜೇಬಿಗೇ ಸೇರಿಸಿದೆ. ಇವತ್ತು ಸೋಮವಾರ. ಬೆಳಗ್ಗೆ ಯಾವುದೋ ಆ್ಯಪ್ ತೆರೆಯಲು ತಡವಾದಾಗ ಹೆಬ್ಬೆರಳು ತಾನಾಗಿಯೇ ಗೆಣ್ಣುಗಳ ಮೇಲೆ ಹರಿಯಿತು. ಹದಿನಾಲ್ಕಕ್ಕೆ ತೆರೆಯಿತು. ದಿನಚರಿಯಲ್ಲಿ ತಿಂಡಿಯ ಹೆಸರಿನ ಕೆಳಗೆ ‘ಹದಿನಾಲ್ಕು’ ಎಂದು ಬರೆದೆ. ಅದರ ಕೆಳಗೆ, ಇಷ್ಟು ವರ್ಷ ತಡವಾಗಿ, ‘ತಪ್ಪು ನನ್ನದೇ ಆಂಟಿ’ ಎಂದು ಬರೆದೆ...