ಅಜ್ಜನ ಕೊಡಲಿಯ ತುಕ್ಕು

ಮೊನ್ನೆ ನಮ್ಮ ಅಜ್ಜನ ಮಾನ ಹೋಯಿತು. ಅವನು ತೀರಿಕೊಂಡು ಎಷ್ಟೋ ವರ್ಷಗಳಾದವು. ಆದರೂ ಹೋಯಿತು. ಕಳೆದವನು ನಾನೇ.

ರಂಗಂಪೇಟೆಯ ನಮ್ಮ ಮನೆಯ ಅಟ್ಟ ಸ್ವಚ್ಛ ಮಾಡುವಾಗ ಹಳೇ ಟ್ರಂಕಿನ ಹಿಂದೆ ಕಾವಿಲ್ಲದ ಕೊಡಲಿಯೊಂದು ಸಿಕ್ಕಿತು. ಮೈತುಂಬ ತುಕ್ಕು. ನನಗೋ ಖುಷಿಯೋ ಖುಷಿ. ಒಂದೇ ಏಟಿಗೆ ಜಾಲಿ ಬೊಡ್ಡೆಯನ್ನು ಎರಡು ಹೋಳು ಮಾಡುತ್ತಿದ್ದ ಅಜ್ಜನ ಕೊಡಲಿ! (ಈ ಕತೆಯನ್ನು ಇದೇ ಅಂಕಣದಲ್ಲಿ ಎರಡು ಸಲ ಓದಿದ್ದೀರಿ. ಸಹಿಸಿಕೊಂಡಿದ್ದೀರಿ ಕೂಡ.) ಹೊಸ ಕಾವು ಹಾಕಿಸಿ, ಹಾಲ್‌ನಲ್ಲಿ ಅವನ ಫೋಟೋ ಕೆಳಗೆ ತೂಗುಹಾಕುವುದೆಂದು ತೀರ್ಮಾನಿಸಿದೆ.

ಯೂಟ್ಯೂಬ್ ನೋಡಿದೆ. ಎರಡು ದಿನ ವಿನೆಗರ್‌ನಲ್ಲಿ ನೆನೆದು, ತಂತಿ ಬ್ರಶ್‌ನಲ್ಲಿ ತಿಕ್ಕಿಸಿಕೊಂಡ ಮೇಲೆ ಕಬ್ಬಿಣ ಮುಖ ತೋರಿಸಿತು. ಸುರಪುರದ ಕಮ್ಮಾರ ಲಾಲಸಾಬರ ಮುಂದೆ ಒಯ್ದಿಟ್ಟೆ.

ಅವರು ಅಲಗಿನ ಮೇಲೆ ಹೆಬ್ಬೆರಳಾಡಿಸಿದರು. "ಮಾಲ್ ಪಕ್ಕಾ ಅದ ರೀ. ಯಾರ್ದಿದು?"

"ನಮ್ಮಜ್ಜಂದ್ರಿ."

"ಎಡಗೈ ಮನುಷ್ಯಾ ಏನ್ ಅವರು?"

"ಇಲ್ಲಲ್ಲ! ಯಾಕ್ರಿ?"

"ಬಾಯಿ ಸವದದ್ದು ನೋಡ್ರಿ. ಎಡಗೈಲೆ ಹೊಡದ್ರ ಅಷ್ಟ ಈ ಕಡಿ ಹಿಂಗ ಸವಿತದ. ಅದೂ ಒಂದೆರಡು ವರ್ಷದ್ದಲ್ಲ."

ಅಜ್ಜ ಮೀಸೆ ತಿರುವಿದ್ದೂ ಬಲಗೈಯಲ್ಲೇ. ನಮ್ಮ ಮನೆಯಲ್ಲಿ ಎಡಗೈಯವರು ಒಬ್ಬರೇ, ಅಜ್ಜಿ. ಅವಳು ಎಡಗೈಯಲ್ಲಿ ರೊಟ್ಟಿ ಬಡಿಯುವುದನ್ನು ನೋಡಿ ಓಣಿಯೆಲ್ಲ ನಗುತ್ತಿತ್ತು.

ಅಲ್ಲೇ ನಿಂತು ಸಗರದಲ್ಲಿರುವ ಸೋದರತ್ತೆಗೆ ಫೋನ್ ಹಚ್ಚಿದೆ. ಆಕೆ ಅಜ್ಜಿಯ ಹಿರಿಮಗಳು. ವಿಷಯ ಕೇಳಿದ್ದೇ ತಡ, ನಗಲು ಶುರು ಮಾಡಿದಳು.

"ನಿಮ್ಮಜ್ಜ ಕಟಗಿ ಒಡದಿದ್ದು ಯಾವಾಗೋ? ಕಟ್ಟಿಮ್ಯಾಲ ಕುಂತು 'ಅಲ್ಲಿ ಹೊಡಿ, ಇಲ್ಲಿ ಹೊಡಿ' ಅಂತಿದ್ದ. ಹೊಡ್ಯಾಕಿ ನಮ್ಮವ್ವ!"

"ಮತ್ತ ಯಾರೂ ಹೇಳಲಿಲ್ಲಲ್ಲ ಅತ್ತಿ?"

"ಮಂದಿ ಬಂದಾಗ ಅಂವ ಹೊರಗ ಕತಿ ಹೇಳ್ತಿದ್ದ, ಆಕಿ ಒಳಗ ಚಾ ಕುದಸ್ತಿದ್ಳು. ಆ ಚಾದ ಕಟಗಿನೂ ಆಕಿನ ಒಡದದ್ದು!"

ಲಾಲಸಾಬರೂ ನಕ್ಕರು (ಸ್ಪೀಕರ್ ಆನ್ ಇತ್ತು). ನಾನೂ ನಕ್ಕೆ. ಒಳಗೊಳಗೇ ನಾಚಿಕೆಯೂ ಆಯಿತು. ಅಜ್ಜಿಯ ಕೈಹಿಡಿದೇ ಶಾಲೆಗೆ ಹೋದವನು ನಾನು. ಆ ಅಂಗೈ ಜಡ್ಡುಗಟ್ಟಿದ್ದು ರೊಟ್ಟಿ ಬಡಿದು ಎಂದೇ ತಿಳಿದಿದ್ದೆನಲ್ಲ, ಎಂಥಾ ದಡ್ಡ!

ಜಾಲಿ ಕಾವು ಹಾಕಿಸಿಕೊಂಡು ಬಂದೆ. ಕೊಡಲಿ ಈಗ ಅಜ್ಜಿಯ ಫೋಟೋ ಕೆಳಗಿದೆ. ಇಷ್ಟನ್ನು ಬರೆದು, ಭಾರಿ ನ್ಯಾಯ ಮಾಡಿದವನ ಗತ್ತಿನಲ್ಲಿ ಹೆಂಡತಿಗೆ ಓದಲು ಕೊಟ್ಟೆ. ಆಕೆ ಪೂರ್ತಿ ಓದಿ ಒಂದೇ ಮಾತು ಕೇಳಿದಳು.

"ಎಲ್ಲಾ ಛಲೋ ಅದ. ಕೈ ನೋಯೋತನಕ ಆ ತುಕ್ಕು ತಿಕ್ಕಿದ್ದು ಯಾರಂತ ಬರದ ಇಲ್ಲಲ್ರಿ?"