ಒಂದು ಸಣ್ಣ ಪದದ ಎರಡು ಸಾವಿರ ಚೀಟಿಗಳು

ಆ ಬೇಸಗೆಯಿಡೀ ಕೆಜಾಯ ಆರ್ಲೆಜ್‌ಳ ಮನೆಯ ಕಿಟಕಿಗಳು ಮುಚ್ಚಿಯೇ ಇದ್ದವು. ಹೊರಗೆ ಟೀಮ್ ನದಿಯ ಮೇಲೆ ಬೆಳಕು ಸೋಮಾರಿಯಾಗಿ ಒರಗಿಕೊಂಡಿರುತ್ತಿತ್ತು. ರಾಣಿಯ ಆಳ್ವಿಕೆಗೆ ಅರವತ್ತು ತುಂಬಿತೆಂದು ಸೇತುವೆಗೆ ಕಟ್ಟಿದ್ದ ಬಣ್ಣದ ಬಟ್ಟೆಗಳು ಬಿಸಿಲಿಗೆ ಮಾಸುತ್ತಿದ್ದವು. ಮನೆಯೊಳಗೆ ಮಾತ್ರ ಗಾಳಿ ಅಲುಗಾಡುವಂತಿರಲಿಲ್ಲ. ಊಟದ ಮೇಜಿನ ಮೇಲೆ, ಪಿಯಾನೊದ ಮುಚ್ಚಳದ ಮೇಲೆ, ಮಹಡಿಯ ಪ್ರತಿ ಮೆಟ್ಟಿಲಿನ ಎಡಬದಿಯಲ್ಲಿ, ಎಲ್ಲಿ ನೋಡಿದರೂ ಅಂಗೈಯಗಲದ ಕಾಗದದ ಚೀಟಿಗಳು. ಹತ್ತುವವರೂ ಇಳಿಯುವವರೂ ಬಲಗೋಡೆಗೆ ಒತ್ತಿಕೊಂಡೇ ನಡೆಯಬೇಕು. ಸೀನು ಬಂದರೆ ಅಡುಗೆಮನೆಗೆ ಓಡಬೇಕು.

ಅವು ದೊಡ್ಡ ನಿಘಂಟಿನ ಚೀಟಿಗಳು. ದೇಶದ ಮೂಲೆಮೂಲೆಯ ಪಾದ್ರಿಗಳು, ವಿಧವೆಯರು, ಪಿಂಚಣಿಯ ಸಿಪಾಯಿಗಳು ಹಳೆಯ ಪುಸ್ತಕಗಳನ್ನು ಓದುತ್ತ, ಒಂದೊಂದು ಪದ ಬಂದಲ್ಲಿ ಆ ವಾಕ್ಯವನ್ನು ಕೈಗೆ ಸಿಕ್ಕ ಕಾಗದದ ಚೂರಿನ ಮೇಲೆ ಬರೆದು ಸಂಪಾದಕರಿಗೆ ಕಳಿಸುತ್ತಿದ್ದರು. ಸಂಪಾದಕರು ಒಂದೊಂದು ಪದದ ಚೀಟಿಗಳನ್ನು ಪೆಟ್ಟಿಗೆಯಲ್ಲಿ ತುಂಬಿ, ಅರ್ಥಕ್ಕೆ ತಕ್ಕಂತೆ ವಿಂಗಡಿಸಿ ಕೊಡಿರೆಂದು ನಂಬಿಕಸ್ಥರ ಮನೆಗೆ ಅಟ್ಟುತ್ತಿದ್ದರು. ಕೆಜಾಯಳ ಅಣ್ಣ ಆಂಬ್ರೋಸ್ ಅಂಥ ನಂಬಿಕಸ್ಥ. ಈ ಸಲ ಅವನಿಗೆ ಬಂದ ಎರಡು ಸಾವಿರ ಚೀಟಿಗಳ ಎಡಮೂಲೆಯಲ್ಲಿ ಒಂದೇ ಪದವಿತ್ತು: ಹೌಎವರ್, ಅಂದರೆ ಆದರೂ.

"ಎರಡು ಸಾವಿರ ಸಲ ಬರೆಯೋಕೆ ಇವರಿಗೆ ಇದೇ ಮಾತು ಬೇಕಿತ್ತಾ ಮಿಸ್?" ಎನ್ನುತ್ತಿದ್ದಳು ಮನೆಗೆಲಸಕ್ಕೆ ಬರುವ ಮಿಸೆಸ್ ಬೀವನ್. "ಹಂದಿ ಅಂತಲೋ ಕಡುಬು ಅಂತಲೋ ಇದ್ದಿದ್ರೆ ಧೂಳು ಹೊಡೆಯೋಕಾದ್ರೂ ಮನಸ್ಸು ಬರ್ತಿತ್ತು. ಇದನ್ನ ತಿನ್ನೋ ಹಾಗೂ ಇಲ್ಲ, ಸಾಕೋ ಹಾಗೂ ಇಲ್ಲ."

ಕೆಜಾಯ ನಗುತ್ತಿದ್ದಳು. ಅವಳಿಗೆ ಆ ಪದದ ಮೇಲೆ ಗುಟ್ಟಾದ ಪ್ರೀತಿ ಹುಟ್ಟಿತ್ತು. ಹೊಲದ ಬೇಲಿಗೆ ಅಡ್ಡಲಾಗಿ ಇಟ್ಟಿರುವ ದಾಟುಮೆಟ್ಟಿಲಿನಂತೆ ಅದು ಅವಳಿಗೆ ಕಾಣುತ್ತಿತ್ತು. ಈಚೆಯಿಂದ ಬಂದ ಮಾತು ಅದರ ಮೇಲೆ ಒಂದು ಗಳಿಗೆ ನಿಂತು, ಲಂಗ ಸರಿಮಾಡಿಕೊಂಡು, ಆಚೆಯ ಹೊಲಕ್ಕೆ ಇಳಿಯುತ್ತದೆ. ಐವತ್ತೆಂಟರ ಈ ವಯಸ್ಸಿನವರೆಗೆ ತಾನು ಬದುಕಿದ್ದೇ ಅಂಥ ಮೆಟ್ಟಿಲಿನ ಮೇಲೆ ಎಂದು ಅವಳಿಗೆ ಒಮ್ಮೊಮ್ಮೆ ಅನಿಸುವುದುಂಟು. ಮದುವೆಯ ಮಾತು ಒಂದು ಬಂದಿತ್ತು, ಅದು ಎಲ್ಲಿಯೋ ಹೋಯಿತು. ತಾಯಿ ಹನ್ನೊಂದು ವರ್ಷ ಹಾಸಿಗೆ ಹಿಡಿದಿದ್ದಳು, ಅದೂ ಮುಗಿಯಿತು. ಆಮೇಲೆ ಅಣ್ಣನ ಮನೆ, ಅಣ್ಣನ ಕಾಲುಚೀಲ, ಅಣ್ಣನ ಚೀಟಿಗಳು.

ಆಂಬ್ರೋಸ್ ಇಗರ್ಜಿಯ ಪಕ್ಕದ ಶಾಲೆಯಲ್ಲಿ ನಲವತ್ತು ವರ್ಷ ಪಾಠ ಹೇಳಿದ್ದ. ಎಳೆಯರೊಬ್ಬರನ್ನು ತರೋಣವೆಂದು ಶಾಲೆಯ ಸಮಿತಿಗೆ ಅನಿಸಿದಾಗ ಒಂದು ಗಡಿಯಾರ ಕೊಟ್ಟು ಕಳಿಸಿದರು. ಅವನು ಆ ಗಡಿಯಾರಕ್ಕೆ ಇಂದಿಗೂ ಕೀಲಿ ಕೊಟ್ಟಿಲ್ಲ. ಮರುವಾರ ನಿಘಂಟಿನ ಮೊದಲ ಪೆಟ್ಟಿಗೆ ಬಂದಾಗ ಅವನ ಬೆನ್ನು ಮತ್ತೆ ನೆಟ್ಟಗಾದುದನ್ನು ಕೆಜಾಯ ಕಣ್ಣಾರೆ ಕಂಡಿದ್ದಳು. ಊರಿನವರು ಅವನನ್ನು ಇನ್ನೂ ಮೇಷ್ಟ್ರೇ ಎಂದು ಕರೆಯುತ್ತಿದ್ದರೆ ಅದು ರೂಢಿಯಿಂದ. ಅವನು ತನ್ನನ್ನು ತಾನು ಹಾಗೆಂದುಕೊಳ್ಳುತ್ತಿದ್ದುದು ಈ ಪೆಟ್ಟಿಗೆಯ ಬಲದಿಂದ. ಸಂತ ಮೈಕೇಲನ ಹಬ್ಬದೊಳಗೆ, ಅಂದರೆ ಸೆಪ್ಟೆಂಬರ್ ಮುಗಿಯುವುದರೊಳಗೆ, ಹೌಎವರ್ ವಾಪಸು ಹೋಗಬೇಕಿತ್ತು. ಹಿಂದೊಮ್ಮೆ ಚೀಟಿಗಳನ್ನು ಕಲಸುಮೇಲೋಗರ ಮಾಡಿ ಕಳಿಸಿದ ಪಕ್ಕದ ಜಿಲ್ಲೆಯ ಪಾದ್ರಿಯೊಬ್ಬನಿಗೆ ಸಂಪಾದಕರಿಂದ ಬಹಳ ವಿನಯದ ಕಾಗದವೊಂದು ಬಂದಿತ್ತು. ಪೆಟ್ಟಿಗೆ ಮತ್ತೆಂದೂ ಬಂದಿರಲಿಲ್ಲ.

ಆಗಸ್ಟಿನ ಒಂದು ಬೆಳಿಗ್ಗೆ ಆಂಬ್ರೋಸ್ ಎಂದಿನಂತೆ ಸೇತುವೆಯ ತನಕ ನಡೆದು ಬರಲು ಹೋಗಿದ್ದ. ಕೆಜಾಯ ಮೇಜು ಒರೆಸುತ್ತಿದ್ದಳು. ಚೀಟಿಗಳ ಒಂದೊಂದು ರಾಶಿಯ ಮೇಲೂ ಅವನು ಹೊಳೆಯ ಬೆಣಚುಕಲ್ಲು ಇಟ್ಟಿದ್ದ. ಮೊದಲ ಅರ್ಥಕ್ಕೆ ಒಂದು ಕಲ್ಲು, ಎರಡನೆಯದಕ್ಕೆ ಎರಡು, ಹೀಗೆ. ಮೂರು ಕಲ್ಲಿನ ರಾಶಿಯನ್ನು ಎತ್ತಿದವಳು ಸುಮ್ಮನೆ ಮೇಲಿನ ನಾಲ್ಕು ಚೀಟಿಗಳನ್ನು ಓದಿದಳು. ನಾಲ್ಕಕ್ಕೂ ನಾಲ್ಕು ಅರ್ಥ. ಕೆಳಗಿನವನ್ನು ಓದಿದಳು. ಅವೂ ಹಾಗೆಯೇ. ಆದರೆ ಚೀಟಿಗಳೆಲ್ಲ ನೀಲಿ, ಸಕ್ಕರೆ ಕಟ್ಟುವ ಒರಟು ಕಾಗದದವು. ಎರಡು ಕಲ್ಲಿನ ರಾಶಿಯಲ್ಲಿ ದಪ್ಪನೆಯ ಕೆನೆಬಣ್ಣದ ಕಾಗದ. ಒಂದು ಕಲ್ಲಿನದರಲ್ಲಿ ಈರುಳ್ಳಿ ಸಿಪ್ಪೆಯಂತೆ ತೆಳುವಾದ, ಸರಸರ ಎನ್ನುವ ಕಾಗದ.

ಅವಳು ಮೆಟ್ಟಿಲಿನ ಬಲಬದಿಯಲ್ಲಿ ಕುಳಿತುಬಿಟ್ಟಳು. ಅವನು ಓದುತ್ತಿರಲಿಲ್ಲ. ಬೆರಳಿನಿಂದ ತಡವಿ, ಒರಟಿಗೆ ಒರಟು, ನುಣುಪಿಗೆ ನುಣುಪು ಎಂದು ಸೇರಿಸುತ್ತಿದ್ದ. ಕನ್ನಡಕವನ್ನು ದಿನಕ್ಕೆ ಹತ್ತು ಸಲ ಒರೆಸುತ್ತಿದ್ದುದು, ಪತ್ರಿಕೆಯಲ್ಲಿ ಬರೀ ಸುಳ್ಳು ಎಂದು ಬದಿಗಿಟ್ಟದ್ದು, ಸಾಸಿವೆ ಡಬ್ಬಿಯನ್ನು ಅದರ ಜಾಗದಿಂದ ಕದಲಿಸಿದ್ದಕ್ಕೆ ರೇಗಿದ್ದು, ಎಲ್ಲವೂ ಅವಳ ಮುಂದೆ ಮೆಲ್ಲಗೆ ಸಾಲುಗಟ್ಟಿ ನಿಂತವು.

ಹೇಳಿದರೆ ಅವನು ಕುಸಿಯುತ್ತಾನೆ, ಹೇಳದಿದ್ದರೆ ಪೆಟ್ಟಿಗೆಯೇ ಹೋಗಿ ಹೇಳುತ್ತದೆ. ಮರುದಿನದಿಂದ ಅವನು ಸೇತುವೆಗೆ ಹೋದ ಒಂದು ಗಂಟೆಯಲ್ಲಿ ಅವಳು ಚೀಟಿಗಳನ್ನು ಓದಿ, ಅರ್ಥಕ್ಕೆ ತಕ್ಕ ರಾಶಿಗೆ ಹಾಕಿ, ಕಲ್ಲುಗಳನ್ನು ಇದ್ದಂತೆಯೇ ಇಡತೊಡಗಿದಳು. ಮಧ್ಯಾಹ್ನ ಅವನು ಕುಳಿತು ತಡವಿದರೆ ಒರಟಿನ ನಡುವೆ ನುಣುಪು ಸಿಗುತ್ತಿತ್ತು. ಹುಬ್ಬು ಗಂಟಿಕ್ಕಿ ಮತ್ತೆ ಬೇರೆ ಮಾಡುತ್ತಿದ್ದ. ಹೀಗೆ ಒಂಬತ್ತು ದಿನ ಆ ಮನೆಯಲ್ಲಿ ಬೆಳಿಗ್ಗೆ ಕಟ್ಟಿದ್ದು ಸಂಜೆಗೆ ಬಿಚ್ಚಿಹೋಗುತ್ತಿತ್ತು. ಹತ್ತನೆಯ ದಿನ ಅವನ ತಾಳ್ಮೆ ಕಳಚಿತು.

"ಮಿಸೆಸ್ ಬೀವನ್, ನನ್ನ ರಾಶಿಗಳಿಗೆ ಕೈ ಹಾಕ್ತಿದ್ದೀರ ನೀವು."

"ನಾನಾ ಮೇಷ್ಟ್ರೇ? ದೇವರಾಣೆ ಇಲ್ಲ. ಪೊರಕೆ ಹಿಡಿದು ಅವುಗಳ ಸುತ್ತ ತುದಿಗಾಲಲ್ಲಿ ಸುತ್ತಿ ಸುತ್ತಿ ನನ್ನ ಮೀನಖಂಡ ಹಿಡ್ಕೊಂಡಿದೆ."

"ಹಾಗಾದ್ರೆ ಚೀಟಿಗೇ ಕಾಲು ಬಂತೇನು? ನಾಳೆಯಿಂದ ನೀವು ಬರೋದು ಬೇಡ."

"ನನಗೆ ಓದೋಕೇ ಬರಲ್ಲ. ಯಾವ ಕಾಗದ ಎಲ್ಲಿತ್ತು ಅಂತ ನನಗೇನು ಗೊತ್ತಾಗತ್ತೆ?" ಮಿಸೆಸ್ ಬೀವನ್ ಸೊಂಟಕ್ಕೆ ಕಟ್ಟಿದ್ದ ಏಪ್ರನ್ ಬಿಚ್ಚಲು ಕೈ ಹಿಂದೆ ಒಯ್ದಳು. ಅವಳ ಮುಖ ಕೆಂಪಾಗಿತ್ತು.

"ನಾನು, ಆಂಬ್ರೋಸ್," ಎಂದಳು ಕೆಜಾಯ ಬಾಗಿಲಿನಿಂದ. "ಮುಟ್ಟಿದ್ದು ನಾನು."

"ನೀನಾ? ಯಾಕೆ?"

"ನೀನು ಕಾಗದ ವಿಂಗಡಿಸ್ತಿದ್ದೀಯ. ಮಾತನ್ನಲ್ಲ."

ಅವನ ಕೈ ನೀಲಿ ಚೀಟಿಗಳ ಮೇಲೆ ಹಾಗೆಯೇ ನಿಂತಿತು. ಅವನು ಎದ್ದ. ಬಾಗಿಲು ಕಣ್ಣಿಗೆ ಕಾಣುತ್ತಿರುವವನಂತೆಯೇ ನಡೆದುಹೋಗಿ ತನ್ನ ಕೋಣೆಯ ಕದ ಮುಚ್ಚಿಕೊಂಡ.

"ಇಷ್ಟಕ್ಕಾ ಇಷ್ಟು ದಿನ ಗುಟ್ಟು ಮಾಡಿದ್ದು?" ಮಿಸೆಸ್ ಬೀವನ್ ಏಪ್ರನ್ನಿನ ಗಂಟನ್ನು ಮತ್ತೆ ಬಿಗಿದಳು. "ಮೇಷ್ಟ್ರಿಗೆ ಕಣ್ಣು ಕಾಣಲ್ಲ ಅಂತ ಊರಿಗೆಲ್ಲ ಗೊತ್ತು ಮಿಸ್. ಹೋದ ತಿಂಗಳು ಸೇತುವೆ ಮೇಲೆ ನನಗೆ ಟೊಪ್ಪಿ ಎತ್ತಿ ಗುಡ್ ಮಾರ್ನಿಂಗ್ ಅಂದ್ರು. ನಾಲ್ಕು ಹೆಜ್ಜೆ ಮುಂದೆ ಹೋಗಿ ಗಿರಣಿಯವನ ಹಿಟ್ಟಿನ ಮೂಟೆಗೂ ಅಷ್ಟೇ ಮರ್ಯಾದೆ ಕೊಟ್ರು. ಯಾರೂ ನಗಲಿಲ್ಲ. ನಮ್ಮ ಮಕ್ಕಳಿಗೆಲ್ಲ ಪಾಠ ಹೇಳಿದೋರನ್ನ ನೋಡಿ ನಗೋಕಾಗತ್ತಾ?"

ಮೂರು ದಿನ ಆಂಬ್ರೋಸ್ ಊಟದ ಮನೆಗೆ ಬರಲಿಲ್ಲ. ತಟ್ಟೆಯನ್ನು ಅವನ ಕೋಣೆಗೇ ಒಯ್ಯಬೇಕಾಯಿತು. ಚೀಟಿಗಳ ಮುಂದೆ ಕೆಜಾಯ ಒಬ್ಬಳೇ ಕುಳಿತಳು. ಮನಸ್ಸಿನಲ್ಲಿ ಓದಿದರೆ ಸಾಲುಗಳು ಮಸುಕಾಗಿ ಕಲಸಿಹೋಗುತ್ತಿದ್ದವು. ಅದಕ್ಕೇ ಮೆಲುದನಿಯಲ್ಲಿ ಬಾಯಿಬಿಟ್ಟು ಓದತೊಡಗಿದಳು. ಹೇಗಾದರೂ ಸರಿ, ಕತ್ತಲೆಯೊಳಗೆ ದಡ ಮುಟ್ಟೋಣವೆಂದೆವು, ಎಂದ ಒಬ್ಬ ನಾವಿಕ. ಎಷ್ಟೇ ಬಡಮನೆಯಾದರೂ ಅಲ್ಲೊಂದು ಹೂವಿನ ಕುಂಡವಿತ್ತು, ಎಂದಳು ಊರೂರು ತಿರುಗಿದ ಒಬ್ಬ ಹೆಂಗಸು. ಅವಳಿಗೆ ಹಾಡು ಬಾರದು, ಆದರೂ ಹಾಡಿದಳು. ಅದಿರಲಿ, ಕುದುರೆಗೆ ನೀರು ತೋರಿಸಿದಿರಾ? ಅದು ಹೇಗಪ್ಪಾ ಈ ಕೆಸರಲ್ಲಿ ಬಂದೆ ನೀನು? ಇಷ್ಟು ಕೆಲಸಕ್ಕೆ ನಮ್ಮ ಕನ್ನಡದಲ್ಲಿ ನಾಲ್ಕೈದು ಮಾತುಗಳು ಬೇಕು. ಅವರ ಇಂಗ್ಲಿಷಿನಲ್ಲಿ ಆ ಒಂದೇ ಪದ ಎಲ್ಲ ವೇಷವನ್ನೂ ಹಾಕುತ್ತದೆ. ಮುನ್ನೂರು ವರ್ಷಗಳ ಹಿಂದೆ ಸತ್ತವರು ಒಬ್ಬೊಬ್ಬರಾಗಿ ಮುಚ್ಚಿದ ಕಿಟಕಿಯ ಬಿಸಿಲಿಗೆ ಬಂದು, ಅರ್ಧ ವಾಕ್ಯ ಆಡಿ, ಆ ಪದದ ಮೇಲೆ ಒಂದಿಷ್ಟು ಒರಗಿ ನಿಂತು, ಉಳಿದರ್ಧ ಆಡಿ ಹೋಗುತ್ತಿದ್ದರು. ಯಾರ ಮುಖವೂ ಇಲ್ಲ, ಬರೀ ದನಿ. ದನಿಯೂ ಅವಳದೇ.

ನಾಲ್ಕನೆಯ ದಿನ ಒಂದು ಚೀಟಿ ಓದಿದಳು: "ಅವನು ಬರುವನೋ ಇಲ್ಲವೋ ತಿಳಿಯದು, ನಾವು, ಹೇಗೂ, ದೀಪವನ್ನು ಕಿಟಕಿಯಲ್ಲಿಟ್ಟೆವು." ಸ್ವಲ್ಪ ಯೋಚಿಸಿ ಒಂದು ಕಲ್ಲಿನ ರಾಶಿಯ ಮೇಲೆ ಇಟ್ಟು ಕಲ್ಲನ್ನು ಸದ್ದಾಗುವಂತೆ ಊರಿದಳು.

"ಅದು ಅಲ್ಲಿಗೆ ಸೇರಲ್ಲ," ಎಂಬ ದನಿ ಮೆಟ್ಟಿಲಿನ ಕಡೆಯಿಂದ ಬಂತು.

ಅವಳು ತಿರುಗಲಿಲ್ಲ. "ಯಾಕೆ?"

"ಓದೋವಾಗ ಆ ಪದಕ್ಕೆ ಮುಂಚೆ ಒಂದು ಉಸಿರು ತಗೊಂಡೆ, ಆಮೇಲೊಂದು. ಎರಡೂ ಕಡೆ ಉಸಿರಿದ್ರೆ ಅದು ಮೂರು ಕಲ್ಲಿಂದು. ಇನ್ನೊಂದ್ಸಲ ಓದು."

ಓದಿದಳು. ಅವನ ಮಾತು ನಿಜವಾಗಿತ್ತು.

"ಎಷ್ಟು ದಿನದಿಂದ ಕೂತು ಕೇಳ್ತಿದ್ದೀಯ ಅಲ್ಲಿ?"

"ನಾವಿಕ ದಡ ಮುಟ್ಟಿದಾಗಿಂದ. ನೀನು ತುಂಬ ಬೇಗ ಓದ್ತೀಯ ಕಿಜ್ಜಿ. ಎಲ್ಲಾರೂ ರೈಲಿಗೆ ಹೊರಟವರ ಹಾಗೆ ಮಾತಾಡ್ತಿದ್ದಾರೆ."

"ಹಾಗಾದ್ರೆ ಹತ್ರ ಬಂದು ಕೂತು ಬೈಯಿ. ಮೆಟ್ಟಿಲಲ್ಲಿ ಕೂತರೆ ಬೆನ್ನು ಹಿಡ್ಕೊಳ್ಳತ್ತೆ."

ಅವನು ಬಂದು ಕುಳಿತ. ಸೆಪ್ಟೆಂಬರ್ ಹಾಗೆಯೇ ಕಳೆಯಿತು. ಅವಳು ಓದುವುದು, ಅವನು ಕಣ್ಣು ಮುಚ್ಚಿ ಕೇಳುವುದು, ಕೇಳಿ ಒಂದು, ಎರಡು, ಐದು ಎನ್ನುವುದು. ಕೆಲವು ಸಲ ಒಂದೇ ಚೀಟಿಯ ಮೇಲೆ ಅರ್ಧ ದಿನ ಜಗಳವಾಗುತ್ತಿತ್ತು. ಎರಡು ಸಲ ಅವಳೇ ಗೆದ್ದಳು.

ಪೆಟ್ಟಿಗೆ ಕಟ್ಟುವ ದಿನ ಆಂಬ್ರೋಸ್ ಹೇಳಿದ: "ಯಾವಾಗಲೂ ಬರೆಯೋ ಹಾಗೆ ಎರಡು ಸಾಲು ಬರೆದು ನನ್ನ ಹೆಸರು ಹಾಕಿಬಿಡು. ನನ್ನ ಅಕ್ಷರ ನಿನಗೆ ಬರತ್ತೆ."

ಕೆಜಾಯ ಲೇಖನಿ ಎತ್ತಿದಳು. ಅವನ ಅಕ್ಷರ ಅವಳಿಗೆ ಬರುತ್ತಿತ್ತು. ಸಂಪಾದಕರಿಗೆ ತಿಳಿಯುತ್ತಲೂ ಇರಲಿಲ್ಲ. ಮುಂದಿನ ಪೆಟ್ಟಿಗೆ ಖಂಡಿತ ಬರುತ್ತಿತ್ತು. ಅವಳು ಲೇಖನಿಯನ್ನು ಮತ್ತೆ ಕೆಳಗಿಟ್ಟಳು.

"ಬರಲ್ಲ," ಎಂದಳು.

"ಸುಳ್ಳು ಹೇಳಬೇಡ."

"ನೀನು ಹೇಳಿಸ್ತಿರೋದೂ ಅದನ್ನೇ."

ಅವನು ಕಿಟಕಿಯ ಬೆಳಕಿನ ಕಡೆ ಮುಖ ತಿರುಗಿಸಿ ಕುಳಿತ. ಹೊರಗೆ ಯಾರೋ ಸೇಬಿನ ಬುಟ್ಟಿ ಹೊತ್ತು ಹಾದುಹೋದರು. ಆಮೇಲೆ, ತರಗತಿಯಲ್ಲಿ ಉಕ್ತಲೇಖನ ಕೊಡುವಾಗಿನ ದನಿಯಲ್ಲಿ, ಒಂದೊಂದೇ ಪದ ಬಿಡಿಸಿ ಹೇಳಿದ: "ಮಾನ್ಯರೇ, ಮಾರ್ಚ್ ತಿಂಗಳಿಂದ ನನಗೆ ಕಣ್ಣು ಕಾಣುವುದಿಲ್ಲ. ಈ ಚೀಟಿಗಳನ್ನು ನನ್ನ ತಂಗಿ ಕೆಜಾಯ ಓದಿದ್ದಾಳೆ, ನಾನು ಕೇಳಿದ್ದೇನೆ. ತಪ್ಪು ಕಂಡುಬಂದರೆ ಅದು ನನ್ನ ಕಿವಿಯದು. ಮುಂದಿನ ಪದಗಳನ್ನು ಬೇರೆಯವರಿಗೆ ಕಳಿಸಬಯಸಿದರೆ ನನ್ನ ಆಕ್ಷೇಪವಿಲ್ಲ." ಸಹಿಯನ್ನು ತಾನೇ ಹಾಕಿದ. ಅದು ಇಳಿಜಾರಿನಲ್ಲಿ ಉರುಳಿ ಕಾಗದ ದಾಟಿ ಮೇಜಿನ ಮರದ ಮೇಲೆ ಮುಗಿಯಿತು. ಅವಳು ಬೇರೆ ಪ್ರತಿ ಮಾಡಲಿಲ್ಲ.

ಅಕ್ಟೋಬರ್ ಪೂರ್ತಿ ಏನೂ ಬರಲಿಲ್ಲ. ಕಿಟಕಿಗಳು ತೆರೆದವು, ಖಾಲಿ ಮೇಜಿನ ಮೇಲೆ ಚಳಿ ಬಂದು ಕೂತಿತು. ಅಂಚೆಯವನ ಹೆಜ್ಜೆ ಗೇಟಿನ ಹತ್ತಿರ ನಿಧಾನವಾದಾಗಲೆಲ್ಲ ಆಂಬ್ರೋಸ್ ಕೆಮ್ಮುತ್ತಿದ್ದ. ಹೆಜ್ಜೆ ಮುಂದೆ ಹೋದಾಗ, "ಈ ವರ್ಷ ನದಿ ಬೇಗ ಏರತ್ತೆ," ಎಂದು ಏನಾದರೊಂದು ಹೇಳುತ್ತಿದ್ದ.

ನವೆಂಬರಿನ ಎರಡನೆಯ ವಾರ, ಕಣಿವೆಯಲ್ಲಿ ಮಂಜು ಹಾಲಿನಂತೆ ನಿಂತ ಒಂದು ಬೆಳಿಗ್ಗೆ, ಮಿಸೆಸ್ ಬೀವನ್ ಸೇತುವೆ ದಾಟಿ ಬರುತ್ತಿದ್ದಾಗ ನಾಯಿಯೊಂದು ಊಳಿಡುವುದು ಕೇಳಿಸಿತು. ಅದು ನಿಂತಿತು, ಮತ್ತೆ ಶುರುವಾಯಿತು. ಈ ಸಲ ಬೇರೆ ರೀತಿ, ಉದ್ದಕ್ಕೆ, ಚಿಮಣಿಯಲ್ಲಿ ಗಾಳಿ ಸಿಕ್ಕಿಕೊಂಡಂತೆ. ಸದ್ದು ಆರ್ಲೆಜ್‌ರ ಮನೆಯಿಂದಲೇ ಬರುತ್ತಿತ್ತು. ಕಿಟಕಿಗಳೆಲ್ಲ ಮತ್ತೆ ಮುಚ್ಚಿದ್ದವು. ಅವಳು ಓಡಿಬಂದು ಬಾಗಿಲು ತಳ್ಳಿದಳು. ಮೆಟ್ಟಿಲುಗಳ ಎಡಬದಿಯೆಲ್ಲ ಚೀಟಿಗಳು. ನಡುವೆ ಕುಳಿತು ಮೇಷ್ಟ್ರು ಕತ್ತು ಮೇಲೆತ್ತಿ ಊಳಿಡುತ್ತಿದ್ದರು.

"ಅಯ್ಯೋ ಮಿಸ್, ಏನಾಯ್ತು ಇವರಿಗೆ?"

"ಸದ್ದು ಮಾಡಬೇಡಿ," ಎಂದಳು ಕೆಜಾಯ, ಕೈಯಲ್ಲಿ ಚೀಟಿ ಹಿಡಿದು. "ಹೊಸ ಪದ ಬಂದಿದೆ: ಹೌಲ್, ಅಂದ್ರೆ ಊಳಿಡೋದು. ಆಂಬ್ರೋಸ್, ಈಗ ನೀನು ಮಾಡಿದ್ದು ತೋಳ. ಈ ಚೀಟಿಯಲ್ಲಿರೋದು ಹೊಟ್ಟೆನೋವು ಬಂದ ಪಾದ್ರಿ. ಇನ್ನೊಂದ್ಸಲ ಮಾಡು."