ಆಫ್ರಿಕಾಕ್ಕೆಂದು ಹೊರಟು ಬಂಡೂರಿನವರೆಗೆ

ಜನವರಿಯ ಕೊನೆಯ ಒಂದು ಗುರುವಾರ, ಬೆಳಿಗ್ಗೆ ಒಂಬತ್ತೂಕಾಲಿಗೆ ಮಂಡ್ಯದ ಬಸ್ ನಿಲ್ದಾಣದಿಂದ ಹೊರಟೆ. ನನ್ನ ಹೆಗಲಚೀಲದಲ್ಲಿ ಎರಡು ಪಾಸ್‌ಪೋರ್ಟುಗಳ ಜೆರಾಕ್ಸ್, ಹಳದಿ ಜ್ವರದ ಚುಚ್ಚುಮದ್ದು ಹಾಕಿಸಿಕೊಂಡದ್ದಕ್ಕೆ ಕೊಟ್ಟ ಎರಡು ಹಳದಿ ಪುಸ್ತಕ, ತಾಂಜಾನಿಯಾದ ಒಂದು ನಕ್ಷೆ ಇದ್ದವು. ಇನ್ನು ಹದಿನೈದು ದಿನಕ್ಕೆ ನಾನೂ ಬಂಡೂರಿನ ಸಿದ್ದರಾಜುವೂ ವಿಮಾನ ಹತ್ತಬೇಕಿತ್ತು. ಆ ಪ್ರವಾಸವನ್ನು ರದ್ದು ಮಾಡಿಸಲೆಂದೇ ನಾನು ಅಂದು ಹೊರಟಿದ್ದೆ.

ನಾನು ನಿವೃತ್ತ ಪಶುವೈದ್ಯ. ಮಳವಳ್ಳಿ ತಾಲ್ಲೂಕಿನಲ್ಲಿ ಕೆಲಸ ಮಾಡುತ್ತಿದ್ದಾಗ ಪರಿಚಯವಾದವನು ಸಿದ್ದರಾಜು. ಮೂರು ತಲೆಮಾರಿನಿಂದ ಬಂಡೂರು ಕುರಿ ಸಾಕಿಕೊಂಡು ಬಂದ ಮನೆಯವನು. ಒಂದು ದಿನ ಅವನ ಮನೆಯ ಟಿವಿಯಲ್ಲಿ ಆಫ್ರಿಕಾದ ವೈಲ್ಡ್‌ಬೀಸ್ಟ್‌ಗಳನ್ನು ತೋರಿಸುತ್ತಿದ್ದರು. ಎಮ್ಮೆಯ ಕೊಂಬು, ಕುದುರೆಯ ಬಾಲ, ಮೇಕೆಯ ಗಡ್ಡ. ಬಯಲಲ್ಲಿ ಸಾವಿರಾರು ತಾಯಿಗಳು ಒಟ್ಟೊಟ್ಟಿಗೆ ಕರು ಹಾಕುತ್ತಿದ್ದವು. ಸಿದ್ದರಾಜು ಎದ್ದು ಟಿವಿಯ ಹತ್ತಿರ ಹೋಗಿ ನಿಂತ. "ಅಷ್ಟೊಂದ್ರಲ್ಲಿ ತಾಯಿ ತನ್ ಕರೂನ ಎಂಗ್ ಗುರ್ತಿಸ್ತದೆ ಡಾಕ್ಟ್ರೇ?" ಎಂದ. ವಾಸನೆಯಿಂದ, ದನಿಯಿಂದ ಎಂದೆ. "ಅದು ಪುಸ್ತಕದ್ದು. ಕಣ್ಣಾರೆ ನೋಡ್ಬೇಕು" ಎಂದ.

ಎರಡು ವರ್ಷ ನಾವು ಅದನ್ನೇ ಮಾತಾಡಿದೆವು. ಕೀನ್ಯಾಕ್ಕೆ ಹೋಗಿ ಆಗಸ್ಟಿನಲ್ಲಿ ಹಿಂಡು ನದಿ ದಾಟುವುದನ್ನು ನೋಡುವುದೋ, ಫೆಬ್ರವರಿಯಲ್ಲಿ ತಾಂಜಾನಿಯಾಕ್ಕೆ ಹೋಗಿ ಕರು ಹಾಕುವುದನ್ನು ನೋಡುವುದೋ ಎಂಬ ಚರ್ಚೆ ಮುಗಿಯುತ್ತಲೇ ಇರಲಿಲ್ಲ. ನನಗೆ ನದಿಯೇ ಬೇಕಿತ್ತು. "ಮೊಸಳೆ ಬಾಯಿಗೆ ಬೀಳೋದ್ ನೋಡಾಕೆ ಅಷ್ಟ್ ದೂರ ಓಗ್ಬೇಕಾ?" ಎಂದು ಅವನು ನನ್ನ ಬಾಯಿ ಮುಚ್ಚಿಸಿದ. ಒಳ್ಳೆಯ ಟಗರುಗಳನ್ನು ಮಾರಿ ತನ್ನ ಪಾಲಿನ ಹಣ ಹೊಂದಿಸಿದ. ಚುಚ್ಚುಮದ್ದಿಗೆ ಇಬ್ಬರೂ ಬೆಂಗಳೂರಿಗೆ ಹೋಗಿ ಬಂದೆವು. ಕಪ್ಪು, ನೀಲಿ ಬಟ್ಟೆಗೆ ಅಲ್ಲಿನ ಒಂದು ಬಗೆಯ ನೊಣ ಮುತ್ತುತ್ತದೆಂದು ಓದಿ, ಮಣ್ಣಿನ ಬಣ್ಣದ ಅಂಗಿ ಹೊಲಿಸಿಕೊಂಡೆವು. ಅಲ್ಲಿ ಮೆಕ್ಕೆಜೋಳದ ಹಿಟ್ಟಿನ ಮುದ್ದೆ ಸಿಗುತ್ತದೆಂದು ಗೊತ್ತಾದ ಮೇಲೆ ಅವನಿಗೆ ಊಟದ ಚಿಂತೆಯೂ ಹೋಯಿತು.

ಸಕ್ಕರೆ ಕಾಯಿಲೆ ಅವನ ಎಡಗಣ್ಣನ್ನು ಮೊದಲೇ ಮಂಜು ಮಾಡಿತ್ತು. ನಾನು ಹೊರಟ ಆ ವಾರ ಬಲಗಣ್ಣಿನಲ್ಲೂ ಒಂದು ಬದಿಯಿಂದ ಕಪ್ಪು ಪರದೆ ಇಳಿಯತೊಡಗಿತು. ಮಂಡ್ಯದ ಕಣ್ಣಿನ ಡಾಕ್ಟರು ಪರೀಕ್ಷಿಸಿ, ಕಣ್ಣಿನ ಒಳಪೊರೆ ಕಳಚಿಕೊಳ್ಳುತ್ತಿದೆ, ಸೋಮವಾರದೊಳಗೆ ಆಪರೇಷನ್ ಆಗಬೇಕು ಎಂದರು. ಕಣ್ಣೊಳಗೆ ಗ್ಯಾಸ್ ತುಂಬಿಸುತ್ತಾರೆ; ಅದು ಕರಗುವವರೆಗೆ, ಸುಮಾರು ಎರಡು ತಿಂಗಳು, ವಿಮಾನ ಹತ್ತುವಂತಿಲ್ಲ. ಸಿದ್ದರಾಜು ಆಪರೇಷನ್ನೇ ಬೇಡವೆಂದು ಎದ್ದು ಬಂದ. ಬುಧವಾರ ಸಂಜೆ ಅವನ ಹೆಂಡತಿ ಜಯಮ್ಮ ನನಗೆ ಫೋನ್ ಮಾಡಿದಳು.

"ಅಣ್ಣ, ಆಫ್ರಿಕಾಗೆ ಓಗ್ಬಂದ್ ಮಾಡಿಸ್ಕತೀನಿ ಅಂತಾವ್ರೆ. ನನ್ ಮಾತ್ ಕೇಳಾಕಿಲ್ಲ. ಟಿಕೀಟೇ ಇಲ್ಲ ಅಂತ ನೀವೇ ಏನಾರ ಯೋಳ್ಬುಡಿ" ಎಂದು ಅತ್ತಳು. ನಾನು ಆಗಲಿ ಎಂದೆ.

ಗೆಜ್ಜಲಗೆರೆಯಲ್ಲಿ ಕಾರ್ಖಾನೆಯವರು ಇಳಿದ ಮೇಲೆ ಬಸ್ಸು ಖಾಲಿಯಾಯಿತು. ಮದ್ದೂರು ತಲುಪುವಾಗ ಹತ್ತು ಗಂಟೆ. ನಮ್ಮ ಪ್ರವಾಸದ ಏರ್ಪಾಡು ಮಾಡುತ್ತಿದ್ದ ಪ್ರಕಾಶ ರೈಲ್ವೆ ಸ್ಟೇಷನ್ ರಸ್ತೆಯಲ್ಲಿ ಮಹಡಿಯ ಮೇಲೆ ಒಂದು ಕೋಣೆಯ ಆಫೀಸು ಇಟ್ಟುಕೊಂಡಿದ್ದ. ನನ್ನನ್ನು ಕಂಡವನೇ ನಗುತ್ತಾ, "ಎರಡೂ ವೀಸಾ ಬಂದ್ಬುಡ್ತು ಸಾರ್!" ಎಂದ.

ನಾನು ವಿಷಯ ಹೇಳಿದೆ. ಅವನ ನಗು ಇಳಿಯಿತು. "ಏಪ್ರಿಲ್‌ಗೆ ಹಾಕ್ಲಾ ಸಾರ್?" ಎಂದವನೇ ತಾನೇ ತಲೆಯಾಡಿಸಿದ. "ಬೇಡ. ಆಗ ಮಳೆ ಜಾಸ್ತಿ, ಹಿಂಡು ಉತ್ತರಕ್ಕೆ ಹೊರಟಿರ್ತವೆ. ನೀವು ನೋಡ್ಬೇಕು ಅಂದಿದ್ದು ಸಿಗಲ್ಲ. ಮುಂದಿನ ಫೆಬ್ರವರಿನೇ."

"ಎರಡೂ ಸೀಟು ರದ್ದು ಮಾಡು. ಸಿದ್ದರಾಜುಗೆ ನಾನೇ ಹೇಳ್ತೀನಿ, ನೀನು ಫೋನ್ ಮಾಡ್ಬೇಡ" ಎಂದೆ. ಅವನು ಏನೋ ಹೇಳಲು ಬಾಯಿ ತೆರೆದ. ನಾನು ಅದನ್ನು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ; ಅವನು ತರಿಸಿದ ಕಾಫಿಯನ್ನು ಅರ್ಧ ಕುಡಿದು ಇಳಿದುಬಂದೆ.

ಮಳವಳ್ಳಿ ಬಸ್ಸಿನಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಕೆ.ಎಂ. ದೊಡ್ಡಿಯ ಹತ್ತಿರ ಸಕ್ಕರೆ ಕಾರ್ಖಾನೆಗೆ ಹೋಗುವ ಕಬ್ಬಿನ ಟ್ರಾಕ್ಟರುಗಳು ರಸ್ತೆ ತುಂಬಿ, ಅರ್ಧ ಗಂಟೆ ನಿಂತೆವು. ನಾನು ಹೇಳಬೇಕಾದ ಸುಳ್ಳನ್ನು ಮನಸ್ಸಿನಲ್ಲಿ ತಿದ್ದುತ್ತಾ ಇದ್ದೆ. ಟಿಕೆಟ್ಟಿಲ್ಲ ಎಂದರೆ ಬೇರೆ ವಿಮಾನ ನೋಡು ಎನ್ನುತ್ತಾನೆ. ವೀಸಾ ಸಿಗಲಿಲ್ಲ ಎಂದರೆ ಎದುರು ಮಾತಿಲ್ಲ. ಮಳವಳ್ಳಿಯಿಂದ ಶೇರ್ ಆಟೊದಲ್ಲಿ ಬಂಡೂರು ಸೇರಿದಾಗ ಬಿಸಿಲು ನೆತ್ತಿಗೆ ಬಂದಿತ್ತು.

ಸಿದ್ದರಾಜು ಕುರಿ ಕೊಟ್ಟಿಗೆಯ ಮುಂದೆ ಕಲ್ಲಿನ ಮೇಲೆ ಕುಳಿತಿದ್ದ. ಕೊರಳಲ್ಲಿ ದುರ್ಬೀನು. ಕುಳ್ಳ ಕಾಲಿನ, ದುಂಡು ಮೈಯ ಕುರಿಗಳು ಅವನ ಸುತ್ತ ಹುರುಳಿ ಹೊಟ್ಟು ತಿನ್ನುತ್ತಿದ್ದವು. ನನ್ನ ಹೆಜ್ಜೆ ಸದ್ದಿಗೆ ತಲೆಯನ್ನು ಪೂರಾ ಒಂದು ಪಕ್ಕಕ್ಕೆ ತಿರುಗಿಸಿ, ಪರದೆ ಇಳಿಯದ ಕಡೆಯಿಂದ ನನ್ನನ್ನು ನೋಡಿದ.

"ಬನ್ನಿ ಡಾಕ್ಟ್ರೇ. ಜಯ ಫೋನ್ ಮಾಡಿದ್ಲಾ?"

"ಮಾಡಿದ್ಲು."

"ನೋಡಿ, ಇನ್ನೂ ಅರ್ಧ ಕಾಣ್ತದೆ. ಅಷ್ಟೇ ಸಾಕು. ಒಂದ್ಸಲ ನೋಡ್ಬುಟ್ರೆ ಆಮೇಲೆ ಓದ್ರೆ ಓಗ್ಲಿ. ಆಪ್ರೇಸನ್ ಮಾಡಿದ್ರೂ ಗ್ಯಾರಂಟಿ ಇಲ್ಲ ಅಂತ ಅವ್ರೇ ಯೋಳವ್ರೆ."

ಅದು ನಿಜವಾಗಿತ್ತು. ಕಣ್ಣು ಉಳಿಯುವ ಸಾಧ್ಯತೆ ಅರ್ಧಕ್ಕರ್ಧ ಎಂದು ಡಾಕ್ಟರು ಹೇಳಿದ್ದರು. ಊಟಕ್ಕೆ ಒಳಗೆ ಕರೆದರು; ಮುದ್ದೆ, ಅವರೆಕಾಳಿನ ಸಾರು. ಜಯಮ್ಮ ಬಡಿಸಿ ಬಾಗಿಲ ಹತ್ತಿರ ನಿಂತಳು, ನನ್ನ ಮುಖವನ್ನೇ ನೋಡುತ್ತಾ. ನಾನು ತಟ್ಟೆ ನೋಡಿಕೊಂಡು ಹೇಳಿದೆ: "ವೀಸಾ ಸಿಗಲಿಲ್ಲ ಕಣಪ್ಪ ಸಿದ್ದರಾಜು. ಮದ್ದೂರಿಂದಾನೇ ಬಂದೆ. ಈ ವರ್ಷ ಆಗಲ್ಲ."

ಅವನ ಕೈ ಸಾರಿನಲ್ಲೇ ನಿಂತಿತು. ಹೊರಗೆ ಒಂದು ಮರಿ ಕೂಗಿತು, ತಾಯಿ ಓಗೊಟ್ಟಿತು.

"ಇಬ್ರಿಗೂ ಸಿಗ್ಲಿಲ್ವಾ?" ಎಂದ.

"ಇಬ್ರಿಗೂ."

"ಸರಿ ಬುಡಿ. ಸೋಮ್ವಾರ ಓಗಣ ಅಂತ ಡಾಕ್ಟ್ರಿಗೆ ಯೋಳು ಜಯ" ಎಂದು ಊಟ ಮುಂದುವರಿಸಿದ. ಜಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು.

ಮುಂದೆ ಆದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಸೋಮವಾರ ಆಪರೇಷನ್ ಆಯಿತು. ಹತ್ತು ದಿನ ಅವನು ಡಾಕ್ಟರು ಹೇಳಿದಂತೆ ಬೋರಲು ಮಲಗಿದ, ಮುಖವೆತ್ತಲಿಲ್ಲ, ಊಟವನ್ನೂ ತಲೆ ಬಗ್ಗಿಸಿಕೊಂಡೇ ಮಾಡಿದ. ಆದರೂ ಪೊರೆ ಮತ್ತೆ ಕಳಚಿತು. ಎರಡನೆಯ ಸಲ ಮಾಡಿದರು. ಬೇಸಗೆ ಮುಗಿಯುವ ಹೊತ್ತಿಗೆ ಬಲಗಣ್ಣಿಗೆ ಬೆಳಕು ಯಾವುದು, ನೆರಳು ಯಾವುದು ಎಂಬಷ್ಟೇ ಉಳಿಯಿತು. ಎಡಗಣ್ಣಿಗೆ ಹತ್ತಿರ ಬಂದವರ ಆಕಾರ ಕಾಣುತ್ತದೆ. ಡಾಕ್ಟರು ಮಾಡಬೇಕಾದದ್ದನ್ನೆಲ್ಲ ಮಾಡಿದರು. ಅವರ ಮೇಲೆ ನನಗೆ ದೂರಿಲ್ಲ. ಆದರೆ ಆ ಫೆಬ್ರವರಿಯಲ್ಲಿ ಅವನ ಅರ್ಧ ಕಣ್ಣು ಇನ್ನೂ ಇತ್ತು. ಹೋಗಿದ್ದರೆ ಅವನು ನೋಡಿರುತ್ತಿದ್ದ. ಈ ಮಾತನ್ನು ನಾನು ಜಯಮ್ಮನ ಮುಂದೆ ಎಂದೂ ಆಡಿಲ್ಲ, ಅವಳೂ ನನ್ನ ಮುಂದೆ ಆಡಿಲ್ಲ. ನಾನು ಆಫ್ರಿಕಾಕ್ಕೆ ಹೋಗಲಿಲ್ಲ.

ಆ ಗುರುವಾರ ಸಂಜೆ ನಾಲ್ಕಕ್ಕೆ ಹೊರಟಾಗ, ಬೇಡವೆಂದರೂ ಕೇಳದೆ ಸಿದ್ದರಾಜು ನನ್ನ ಜೊತೆ ಆಟೊ ಹತ್ತಿ ಮಳವಳ್ಳಿಯವರೆಗೆ ಬಂದ. ಬಸ್ ನಿಲ್ದಾಣದಲ್ಲಿ ನನ್ನ ಮೊಣಕೈ ಹಿಡಿದು ನಡೆದ. ಸ್ಕೂಲು ಬಿಟ್ಟ ಹೊತ್ತು, ಗಲಾಟೆ. ಒಂದು ಕಂಬದ ಹತ್ತಿರ ನಿಂತು ಮೆಲ್ಲಗೆ ಹೇಳಿದ:

"ನೆನ್ನೆನೇ ಮದ್ದೂರಿಂದ ಪ್ರಕಾಶ ಫೋನ್ ಮಾಡಿದ್ದ ಡಾಕ್ಟ್ರೇ. ವೀಸಾ ಬಂತು ಅಂತ."

"ಮತ್ತೆ ಯಾಕೆ ಒಪ್ಕೊಂಡೆ?" ಎಂದೆ.

"ನೀವ್ ಯಾವತ್ತೂ ನಂಗೆ ಸುಳ್ ಯೋಳ್ದೋರಲ್ಲ. ಕುರಿ ಉಳಿಯಾಕಿಲ್ಲ ಅಂದ್ರೆ ಉಳಿಯಾಕಿಲ್ಲ ಅಂತಿದ್ರಿ. ಇವತ್ತು ತಟ್ಟೆ ನೋಡ್ಕಂಡ್ ಯೋಳುದ್ರಿ. ಅವಳು ಮೂರ್ ದಿನದಿಂದ ಸರ್ಯಾಗಿ ಉಂಡಿಲ್ಲ. ಇಬ್ರೂ ಅಷ್ಟ್ ಕಷ್ಟ ಪಡ್ತಾ ಇದ್ರೆ ನಾನ್ ಇನ್ನೇನ್ ಮಾಡ್ಲಿ?" ಎಂದ. "ನಂಗ್ ಗೊತ್ತಾಯ್ತು ಅಂತ ಅವಳಿಗ್ ಯೋಳ್ಬ್ಯಾಡಿ."

"ಸೀಟು ವಾಪಸ್ ಕೇಳ್ಲಾ? ಈಗ್ಲೇ ಫೋನ್ ಮಾಡ್ತೀನಿ" ಎಂದೆ. ಆ ಕ್ಷಣ ನಾನು ನಿಜವಾಗಿಯೂ ಮಾಡುತ್ತಿದ್ದೆ.

"ಬ್ಯಾಡ. ಮಾತು ಕೊಟ್ಟಾಯ್ತು. ಹತ್ತಿ, ನಿಮ್ ಬಸ್ ಬಂತು" ಎಂದ.

ಬಂದದ್ದನ್ನು ಅವನು ಸದ್ದಿನಿಂದ ತಿಳಿದಿದ್ದ. ನಾನು ಹತ್ತಿ ಕಿಟಕಿಯ ಪಕ್ಕ ಕುಳಿತೆ. ಪಕ್ಕದಲ್ಲೇ ಕೊಳ್ಳೇಗಾಲದ ಬಸ್ಸೂ ನಿಂತಿತ್ತು. ನಮ್ಮ ಬಸ್ಸು ಹಿಂದಕ್ಕೆ ಸರಿದು ತಿರುಗುವಾಗ ಹೊರಗೆ ನೋಡಿದೆ. ಸಿದ್ದರಾಜು ಕೊಳ್ಳೇಗಾಲದ ಬಸ್ಸಿನ ಕಿಟಕಿಯತ್ತ ಮುಖವೆತ್ತಿ, ನಗುತ್ತಾ ಕೈ ಬೀಸುತ್ತಿದ್ದ. ಕೂಗಿ ಕರೆಯಬಹುದಿತ್ತು, ಕರೆಯಲಿಲ್ಲ. ಆ ಕಿಟಕಿಯಲ್ಲಿದ್ದ ಯಾರೋ ಹೆಂಗಸು ಒಂದು ಗಳಿಗೆ ಅನುಮಾನಿಸಿ, ಆಮೇಲೆ ತಾನೂ ಅವನಿಗೆ ಕೈ ಬೀಸಿದಳು.